33 ಸೆಕೆಂಡಿನ ಚುಂಬನಕ್ಕೆ ಕತ್ತರಿ, ಕಾಳಗಕ್ಕೆ ರಹದಾರಿ: ಸೆನ್ಸಾರ್ ಮಂಡಳಿ ಅಳೆಯುತ್ತಿರುವುದು ಏನನ್ನು?

2025ರ ಜುಲೈನಲ್ಲಿ ‘ಸೂಪರ್‌ಮ್ಯಾನ್’ ಭಾರತದ ಚಿತ್ರಮಂದಿರಗಳಿಗೆ ಬಂದಾಗ ನಾಯಕ ನಾಯಕಿ ಮುತ್ತಿಡುವ 33 ಸೆಕೆಂಡುಗಳ ದೃಶ್ಯ ಅದರಲ್ಲಿ ಇರಲಿಲ್ಲ. ಕೇಂದ್ರೀಯ ಚಲನಚಿತ್ರ ಪ್ರಮಾಣೀಕರಣ ಮಂಡಳಿ, ಅಂದರೆ ನಾವೆಲ್ಲ ಸೆನ್ಸಾರ್ ಮಂಡಳಿ ಎಂದು ಕರೆಯುವ ಸಂಸ್ಥೆ, ಅದನ್ನು ತೆಗೆಸಿ ಯು/ಎ 13+, ಅಂದರೆ 13 ತುಂಬದವರು ಪೋಷಕರ ವಿವೇಚನೆಯಂತೆ ನೋಡಬಹುದಾದ ಚಿತ್ರ ಎಂಬ ಪ್ರಮಾಣಪತ್ರ ಕೊಟ್ಟಿತ್ತು. ಬಹುಮಹಡಿ ಕಟ್ಟಡಗಳು ಉರುಳಿ ಬೀಳುವ ಕಾಳಗಗಳು ತೆರೆಯ ಮೇಲೆ ಉಳಿದವು. ಅದಕ್ಕೂ ಎರಡು ವರ್ಷ ಹಿಂದೆ, ಅಣುಬಾಂಬಿನ ಹುಟ್ಟನ್ನು ಹೇಳುವ ‘ಓಪನ್‌ಹೈಮರ್’ ಇಲ್ಲಿ ಯು/ಎ ಪಡೆದಾಗ ನಟಿಯ ಬೆತ್ತಲೆ ಮೈಯ ಮೇಲೆ ಕಂಪ್ಯೂಟರ್‌ನಲ್ಲಿ ಕಪ್ಪು ಉಡುಪು ಬರೆಯಲಾಗಿತ್ತು.

‘ಸೂಪರ್‌ಮ್ಯಾನ್’ ಬಂದ ಮರು ತಿಂಗಳೇ ಇನ್ನೊಂದು ಸುದ್ದಿ ಬಂತು. ರಜನಿಕಾಂತ್ ಅವರ ‘ಕೂಲಿ’ಗೆ ಹಿಂಸೆಯ ಕಾರಣಕ್ಕೆ ವಯಸ್ಕರಿಗೆ ಮಾತ್ರ ಎಂಬ ‘ಎ’ ಸಿಕ್ಕಿತ್ತು. ನಿರ್ಮಾಪಕರು ಮದ್ರಾಸ್ ಹೈಕೋರ್ಟಿಗೆ ಹೋದರು. ಇಷ್ಟೇ ಹೊಡೆದಾಟವಿದ್ದ ‘ಕೆಜಿಎಫ್’, ‘ಬೀಸ್ಟ್’ ಚಿತ್ರಗಳಿಗೆ ಯು/ಎ ಕೊಟ್ಟಿದ್ದೀರಿ, ನಮಗೇಕೆ ಇಲ್ಲ ಎಂಬುದು ಅವರ ವಾದ. ಆಗಸ್ಟ್ ಕೊನೆಯಲ್ಲಿ ನ್ಯಾಯಾಲಯ ಅರ್ಜಿಯನ್ನು ವಜಾ ಮಾಡಿತು. ಹಾಗಾದರೆ ಮಂಡಳಿ ಹಿಂಸೆಯನ್ನೂ ತಡೆಯುತ್ತದೆ. ತಡೆಯುವುದಾದರೆ ಮುತ್ತಿಗೆ ಒಂದು ನ್ಯಾಯ, ಮಚ್ಚಿಗೆ ಒಂದು ನ್ಯಾಯ ಎಂಬ ದೂರು ಸುಳ್ಳೇ?

ಸುಳ್ಳಲ್ಲ. ಎರಡನ್ನೂ ತಡೆಯುವ ಬಗೆ ಬೇರೆ ಬೇರೆ. ಹಿಂಸೆ ಹೆಚ್ಚಾದರೆ ಸಾಮಾನ್ಯವಾಗಿ ಚಿತ್ರದ ವರ್ಗ ಬದಲಾಗುತ್ತದೆ. ಪ್ರಣಯ ಹೆಚ್ಚಾದರೆ ಚಿತ್ರವೇ ಬದಲಾಗುತ್ತದೆ. ಈ ವ್ಯತ್ಯಾಸಕ್ಕೆ ಸದಸ್ಯರೊಬ್ಬರ ಸ್ವಭಾವವೋ ಒಂದು ಸರ್ಕಾರದ ಒಲವೋ ಕಾರಣ ಎಂದುಕೊಂಡರೆ ಅರ್ಥವಾಗುವುದು ಕಡಿಮೆ. ಕಾನೂನಿನ ಪದಗಳು, ಪರಿಶೀಲನೆ ನಡೆಯುವ ರೀತಿ, ಸಿನಿಮಾ ಮಾರಾಟದ ಲೆಕ್ಕ ಮೂರೂ ಸೇರಿ ಇದನ್ನು ಹುಟ್ಟಿಸುತ್ತವೆ. ಮೂರರ ಕೆಳಗೂ ಒಂದೇ ಗೊಂದಲವಿದೆ: ನೋಡುವವರಿಗೆ ಆಗುವ ಮುಜುಗರವನ್ನೇ ಮಕ್ಕಳಿಗೆ ಆಗುವ ಹಾನಿ ಎಂದು ಎಣಿಸುವುದು.

ಕಾನೂನಿನ ಪದಗಳಲ್ಲೇ ಇರುವ ಬಿರುಕು

1952ರ ಸಿನಿಮಾಟೋಗ್ರಾಫ್ ಕಾಯ್ದೆಯ 5ಬಿ ಕಲಂ ಪ್ರಮಾಣಪತ್ರ ನಿರಾಕರಿಸಲು ಕಾರಣಗಳನ್ನು ಹೇಳುತ್ತದೆ: ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಸಭ್ಯತೆ, ನೈತಿಕತೆ, ಮಾನಹಾನಿ, ನ್ಯಾಯಾಂಗ ನಿಂದನೆ, ಅಪರಾಧಕ್ಕೆ ಪ್ರಚೋದನೆ. ಸಭ್ಯತೆ ಮತ್ತು ನೈತಿಕತೆ ಎಂಬ ಎರಡು ಪದಗಳು ನೇರವಾಗಿ ಮೈಗೆ, ಪ್ರಣಯಕ್ಕೆ ತಾಕುತ್ತವೆ. ಹಿಂಸೆಗೆ ತಾಕುವ ಪದ ‘ಅಪರಾಧಕ್ಕೆ ಪ್ರಚೋದನೆ’. ಅದನ್ನು ಸಾಬೀತು ಮಾಡುವುದು ಬಹಳ ಕಷ್ಟ. ಯಾವ ಹೊಡೆದಾಟವೂ ‘ಹೋಗಿ ಹೊಡೆಯಿರಿ’ ಎಂದು ನೇರವಾಗಿ ಹೇಳುವುದಿಲ್ಲ.

ಈ ಕಲಮಿನ ಅಡಿಯಲ್ಲಿ ಕೇಂದ್ರ ಸರ್ಕಾರ 1991ರ ಡಿಸೆಂಬರ್ 6ರಂದು ಹೊರಡಿಸಿದ ಮಾರ್ಗಸೂಚಿಯೇ ಪರಿಶೀಲಕರ ಕೈಪಿಡಿ. ಅದರಲ್ಲಿ ಹಿಂಸೆಯ ಬಗ್ಗೆ ಇರುವ ಮಾತನ್ನು ಗಮನಿಸಿ: ಹಿಂಸೆಯಂಥ ಸಮಾಜವಿರೋಧಿ ಕೃತ್ಯಗಳನ್ನು ವೈಭವೀಕರಿಸಬಾರದು, ಸಮರ್ಥಿಸಬಾರದು; ಅರ್ಥವಿಲ್ಲದ ಅಥವಾ ತಪ್ಪಿಸಬಹುದಾದ ಹಿಂಸೆ, ಕ್ರೌರ್ಯ, ಭೀಕರತೆ ಇರಬಾರದು. ಅಂದರೆ ಅರ್ಥವಿರುವ, ತಪ್ಪಿಸಲಾಗದ ಹಿಂಸೆ ಇರಬಹುದು. ತಂಗಿಯನ್ನು ಕೊಂದವರ ಮೇಲೆ ಸೇಡು, ಊರಿನ ರಕ್ಷಣೆ, ಯುದ್ಧ, ಹೀಗೆ ಕತೆ ಒದಗಿಸುವ ಯಾವ ಕಾರಣವೂ ಹಿಂಸೆಗೆ ‘ಅರ್ಥ’ ಕೊಡುತ್ತದೆ. ಮುಕ್ಕಾಲು ಗಂಟೆ ಖಳನ ಅಟ್ಟಹಾಸ ತೋರಿಸಿದ ಮೇಲೆ ನಾಯಕನ ಮಚ್ಚು ತಪ್ಪಿಸಲಾಗದ್ದೇ ಆಗಿರುತ್ತದೆ.

ಪ್ರಣಯದ ಬಗ್ಗೆ ಮಾರ್ಗಸೂಚಿಯ ದನಿ ಬೇರೆ. ಅಸಭ್ಯತೆ, ಅಶ್ಲೀಲತೆ, ವಿಕೃತಿಗಳಿಂದ ಮನುಷ್ಯರ ಸಂವೇದನೆಗೆ ನೋವಾಗಬಾರದು ಎನ್ನುತ್ತದೆ. ಇಲ್ಲಿ ಅಳತೆ ಇರುವುದು ಕತೆಯಲ್ಲಿ ಅಲ್ಲ, ನೋಡುಗನ ಸಂವೇದನೆಯಲ್ಲಿ. ಯಾರ ಸಂವೇದನೆ ಎಂಬುದನ್ನು ಬಿಡಿಸಿ ಹೇಳಿಲ್ಲ. ಪರಿಶೀಲನಾ ಕೋಣೆಯಲ್ಲಿ ಕೂತವರದ್ದೇ ಆಗುತ್ತದೆ. ಪ್ರೀತಿಸುವ ಇಬ್ಬರು ವಯಸ್ಕರು ಒಪ್ಪಿ ಕೊಟ್ಟುಕೊಳ್ಳುವ ಮುತ್ತಿನ ಬಗ್ಗೆ ಮಾರ್ಗಸೂಚಿಯಲ್ಲಿ ಪ್ರತ್ಯೇಕ ಸಾಲೇ ಇಲ್ಲ. ಹೀಗಾಗಿ ಅದು ಅಶ್ಲೀಲತೆಯ ಸಾಲಿಗೆ ಹೋಗಿ ನಿಲ್ಲುತ್ತದೆ.

ಅದೇ ಮಾರ್ಗಸೂಚಿಯಲ್ಲಿ ಒಳ್ಳೆಯ ಮಾತುಗಳೂ ಇವೆ. ಚಿತ್ರವನ್ನು ಇಡಿಯಾಗಿ ನೋಡಿ ಒಟ್ಟು ಪರಿಣಾಮವನ್ನು ತೂಗಬೇಕು. ಮಹಿಳೆಯರ ಮೇಲಿನ ಲೈಂಗಿಕ ಹಿಂಸೆಯನ್ನು ಆದಷ್ಟು ತಪ್ಪಿಸಬೇಕು, ಕತೆಗೆ ಅಗತ್ಯವಿದ್ದರೂ ಕನಿಷ್ಠಕ್ಕೆ ಇಳಿಸಬೇಕು. ಮೊದಲನೆಯದು ಕಾಗದದ ಮೇಲೆ ಬಲವಾಗಿದೆ. ನಿಮಿಷ, ಸೆಕೆಂಡು ಗುರುತಿಸಿ ಕತ್ತರಿಸುವ ಕೆಲಸ ಶುರುವಾದ ಕೂಡಲೇ ‘ಇಡಿಯಾಗಿ’ ಎಂಬುದು ಹಿಂದೆ ಸರಿಯುತ್ತದೆ.

ಚಿತ್ರಮಂದಿರದ ಆಚೆಗೂ ಇದೇ ಬಿರುಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಂ ಪ್ರಕಾರ ಅಶ್ಲೀಲ ವಸ್ತುವನ್ನು ಅಂತರ್ಜಾಲದಲ್ಲಿ ಹರಿಯಬಿಟ್ಟರೆ ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಲೈಂಗಿಕ ಕ್ರಿಯೆ ನೇರವಾಗಿದ್ದರೆ 67ಎ ಪ್ರಕಾರ 5 ವರ್ಷ, 10 ಲಕ್ಷ. ತಲೆ ಕಡಿಯುವ ದೃಶ್ಯವನ್ನು ಮನರಂಜನೆಯೆಂದು ತೋರಿಸಿದ್ದಕ್ಕೆ ಸಮಾನವಾದ ಶಿಕ್ಷೆಯ ಕಲಂ ಆ ಕಾಯ್ದೆಯಲ್ಲಿಲ್ಲ. 1956ರ ಒಂದು ಕಾಯ್ದೆ ಮಾತ್ರ 20 ವರ್ಷದೊಳಗಿನವರಿಗೆ ಹಿಂಸೆ, ಕ್ರೌರ್ಯ ತುಂಬಿದ, ಚಿತ್ರಗಳ ಮೂಲಕ ಕತೆ ಹೇಳುವ ಪುಸ್ತಕ ಮಾರುವುದನ್ನು ಅಪರಾಧವೆಂದಿತು. ಅದು ಅಚ್ಚಿನ ಕಾಲದ ಕಾನೂನು, ಮುದ್ರಿತ ಪ್ರಕಟಣೆಗಳಿಗೆ ಸೀಮಿತ. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ 18, 2025ರ ಜುಲೈನಲ್ಲಿ 25 ಒಟಿಟಿ ವೇದಿಕೆಗಳನ್ನು ಮುಚ್ಚಿಸಿದಾಗ ಕೊಟ್ಟ ಕಾರಣ ಅಶ್ಲೀಲತೆ. ಆ ವೇದಿಕೆಗಳಲ್ಲಿ ಕೆಲವು ಮಹಿಳೆಯರನ್ನು ಕೀಳಾಗಿ ತೋರಿಸಿದ್ದವು ಎಂಬ ಆಕ್ಷೇಪ ಗಂಭೀರವೇ. ಹಿಂಸೆಯ ವಿಷಯದಲ್ಲಿ ಇಂಥ ಅಸ್ತ್ರವೇ ಸರ್ಕಾರದ ಬತ್ತಳಿಕೆಯಲ್ಲಿ ಇಲ್ಲ ಎಂಬುದನ್ನೂ ಜೊತೆಗೇ ಕಾಣಬೇಕು.

ಪರಿಶೀಲನಾ ಕೋಣೆಯೊಳಗೆ

ನಿರ್ಮಾಪಕರು ಇ-ಸಿನೆಪ್ರಮಾಣ್ ಜಾಲತಾಣದ ಮೂಲಕ ಅರ್ಜಿ ಹಾಕುತ್ತಾರೆ. ಮಂಡಳಿಗೆ ಬೆಂಗಳೂರು ಸೇರಿ ಒಂಬತ್ತು ಪ್ರಾದೇಶಿಕ ಕಚೇರಿಗಳಿವೆ. ಕಥಾಚಿತ್ರವನ್ನು ಮೊದಲು ನೋಡುವುದು ಪರಿಶೀಲನಾ ಸಮಿತಿ: ಸಲಹಾ ಮಂಡಳಿಯ ನಾಲ್ವರು ಸದಸ್ಯರು, ಒಬ್ಬ ಪರಿಶೀಲನಾಧಿಕಾರಿ. ಚಿತ್ರ ಮುಗಿಯುತ್ತಲೇ ಪ್ರತಿಯೊಬ್ಬರೂ ತಮ್ಮ ಶಿಫಾರಸನ್ನು ಬರೆದು ಕೊಡುತ್ತಾರೆ. ಸಲಹಾ ಸದಸ್ಯರನ್ನು ನೇಮಿಸುವುದು ಕೇಂದ್ರ ಸರ್ಕಾರ. ಮಕ್ಕಳ ಮನಶ್ಶಾಸ್ತ್ರವಾಗಲೀ ಮಾಧ್ಯಮ ಅಧ್ಯಯನವಾಗಲೀ ಕಡ್ಡಾಯ ಅರ್ಹತೆಯಲ್ಲ.

ಬದಲಾವಣೆ ಬೇಕೆನಿಸಿದರೆ ಪಟ್ಟಿ ತಯಾರಾಗುತ್ತದೆ. ಪ್ರತಿ ದೃಶ್ಯ ಬರುವ ಸಮಯ, ಅದರ ವಿವರಣೆ, ಏನು ಮಾಡಬೇಕು ಎಂಬ ಸೂಚನೆ ಅದರಲ್ಲಿರುತ್ತದೆ: ತೆಗೆಯಿರಿ, ಅರ್ಧಕ್ಕೆ ಇಳಿಸಿ, ಸದ್ದು ಅಡಗಿಸಿ, ಮಸುಕು ಮಾಡಿ, ಬೇರೆ ದೃಶ್ಯ ಹಾಕಿ. ಇಲ್ಲಿ ಹಿಂಸೆಗೆ ಒಂದು ತಾಂತ್ರಿಕ ಅನುಕೂಲವಿದೆ. ಮಚ್ಚು ಬೀಸುವುದನ್ನು ಉಳಿಸಿ ತಾಗುವ ಕ್ಷಣವನ್ನು ತೆಗೆಯಬಹುದು. ನೆತ್ತರಿನ ಬಣ್ಣ ಮಂಕಾಗಿಸಬಹುದು. ಗಾಯವನ್ನು ಮಸುಕು ಮಾಡಿ ಸದ್ದನ್ನು ಹಾಗೇ ಬಿಡಬಹುದು. ಇಷ್ಟಾದರೂ ಕೊಲೆ ಕೊಲೆಯಾಗಿಯೇ ಉಳಿಯುತ್ತದೆ, ಕತೆ ಮುಂದೆ ಸಾಗುತ್ತದೆ. ವಿಪರ್ಯಾಸವೆಂದರೆ ಈ ತಿದ್ದುಪಡಿ ಹಿಂಸೆಯನ್ನು ಹೆಚ್ಚು ಹಗುರ ಮಾಡುತ್ತದೆ. ಗಾಯ, ನೋವು, ಸಾವಿನ ಸಂಕಟ ತೆರೆಯಿಂದ ಮರೆಯಾಗಿ ಹೊಡೆಯುವವನ ಶೌರ್ಯ ಮಾತ್ರ ಕಾಣುತ್ತದೆ. ಮಗುವಿನ ದೃಷ್ಟಿಯಿಂದ ನೋಡಿದರೆ ಪರಿಣಾಮವಿಲ್ಲದ ಹಿಂಸೆಯೇ ಹೆಚ್ಚು ಆಕರ್ಷಕ.

ಮುತ್ತಿಗೆ ಹೀಗೆ ತೆಳುವಾಗುವ ದಾರಿಯಿಲ್ಲ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಉಳಿಯುವುದು ಉದ್ದ ಕಡಿಮೆ ಮಾಡುವುದೊಂದೇ. 2015ರಲ್ಲಿ ಜೇಮ್ಸ್ ಬಾಂಡ್ ಚಿತ್ರ ‘ಸ್ಪೆಕ್ಟರ್’ಗೆ ಮಾಡಿದ್ದು ಅದನ್ನೇ, ಚುಂಬನದ ಅವಧಿಯನ್ನು ಅರ್ಧಕ್ಕೆ ಇಳಿಸಲಾಯಿತು. ಈ ತೀರ್ಮಾನವನ್ನು ಹಾನಿಯ ಲೆಕ್ಕದಲ್ಲಿ ಸಮರ್ಥಿಸುವುದು ಆಗದ ಮಾತು. ಪೂರ್ತಿ ಮುತ್ತು ಕೆಡುಕು ಮಾಡುವುದಾದರೆ ಅರ್ಧ ಮುತ್ತು ಹೇಗೆ ನಿರಪಾಯ? ಮುಜುಗರದ ಲೆಕ್ಕದಲ್ಲಾದರೆ ಇದು ಪೂರ್ತಿ ಅರ್ಥವಾಗುತ್ತದೆ. ಅಪ್ಪ, ಅಮ್ಮ, ಮಕ್ಕಳು ಒಂದೇ ಸಾಲಿನಲ್ಲಿ ಕೂತು ಎತ್ತಲೋ ನೋಡಬೇಕಾದ ಸೆಕೆಂಡುಗಳು ಕಡಿಮೆಯಾದವು. ಮಂಡಳಿ ನಿಜವಾಗಿ ಅಳೆದದ್ದು ಆ ಸೆಕೆಂಡುಗಳನ್ನು.

ವಯಸ್ಕರಿಗೆ ಮಾತ್ರ ಎಂದ ಮೇಲೂ ಕತ್ತರಿ ಬಿಡುವುದಿಲ್ಲ. 2023ರ ‘ಅನಿಮಲ್’ಗೆ ‘ಎ’ ಸಿಕ್ಕಿತು, ಅದರ ರಕ್ತಪಾತ ಎಲ್ಲರಿಗೂ ಗೊತ್ತು. ಆದರೂ ಅದರ ಪ್ರಣಯ ದೃಶ್ಯವೊಂದರಲ್ಲಿ ಹತ್ತಿರದಿಂದ ತೆಗೆದ ಚಿತ್ರಿಕೆಗಳನ್ನು ತೆಗೆಯಲು ಮಂಡಳಿ ಹೇಳಿತ್ತು. ನೋಡುವವರೆಲ್ಲ 18 ದಾಟಿದವರು ಎಂದಾದ ಮೇಲೆ ಮಕ್ಕಳ ರಕ್ಷಣೆಯ ಮಾತು ಅಲ್ಲಿ ಬರುವುದೇ ಇಲ್ಲ.

ನಿರ್ಮಾಪಕರು ಒಪ್ಪದಿದ್ದರೆ ಪರಿಷ್ಕರಣಾ ಸಮಿತಿಗೆ ಹೋಗಬಹುದು. ಅಲ್ಲಿಂದ ಮುಂದೆ ಮೊದಲು ಒಂದು ಮೇಲ್ಮನವಿ ನ್ಯಾಯಮಂಡಳಿ ಇತ್ತು. 2021ರ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಲಾಯಿತು. ಈಗ ನೇರ ಹೈಕೋರ್ಟ್. ಬಿಡುಗಡೆಯ ದಿನ ಗೊತ್ತಾಗಿ, ಚಿತ್ರಮಂದಿರಗಳು ಕಾದಿರುವಾಗ 33 ಸೆಕೆಂಡಿಗಾಗಿ ಯಾವ ವಿತರಕನೂ ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲ. ಹಾಗೆ ಸುಮ್ಮನೆ ಒಪ್ಪಿಕೊಂಡ ಪ್ರತಿ ಕತ್ತರಿಯೂ ಮುಂದಿನ ಕತ್ತರಿಗೆ ರೂಢಿಯ ಬಲ ಕೊಡುತ್ತದೆ.

ಯು/ಎ ಎಂಬ ಮಾರುಕಟ್ಟೆ

‘ಎ’ ಪ್ರಮಾಣಪತ್ರ ಬಂದರೆ 18ರ ಒಳಗಿನವರಿಗೆ ಚಿತ್ರಮಂದಿರದ ಬಾಗಿಲು ಕಾನೂನಿನಂತೆ ಮುಚ್ಚುತ್ತದೆ. ಮನೆಮಂದಿಯೆಲ್ಲ ಸೇರಿ ಹೋಗುವ ಪ್ರೇಕ್ಷಕವರ್ಗ ಕೈತಪ್ಪುತ್ತದೆ. ಎರಡನೆಯ ಪೆಟ್ಟು ಟಿವಿಯದು. ಕೇಬಲ್ ಟಿವಿ ನಿಯಮಗಳ ಪ್ರಕಾರ ವಯಸ್ಕರ ಚಿತ್ರವನ್ನು ಹಾಗೆಯೇ ಪ್ರಸಾರ ಮಾಡುವಂತಿಲ್ಲ. ಮಂಡಳಿಯಿಂದ ಬೇರೆ ಪ್ರಮಾಣಪತ್ರ ಪಡೆಯಬೇಕು. ಮಲಯಾಳದ ‘ಮಾರ್ಕೊ’ ಚಿತ್ರಕ್ಕೆ ಹಿಂಸೆ ಮಿತಿಮೀರಿದೆ ಎಂದು ಟಿವಿಗೆ ಬೇಕಾದ ಬದಲಾವಣೆಯನ್ನೇ 2025ರ ಮಾರ್ಚ್‌ನಲ್ಲಿ ನಿರಾಕರಿಸಲಾಯಿತು. ಸ್ಯಾಟಲೈಟ್ ಹಕ್ಕಿನ ಹಣ ನಂಬಿದ ನಿರ್ಮಾಪಕನಿಗೆ ಇದು ದೊಡ್ಡ ಹೊಡೆತ.

ಆದ್ದರಿಂದ ಎಲ್ಲರ ಗುರಿ ಯು/ಎ. ಅದನ್ನು ಪಡೆಯಲು ಯಾವುದನ್ನು ಬಿಟ್ಟುಕೊಡುವುದು ಅಗ್ಗ ಎಂದು ಲೆಕ್ಕ ಹಾಕಿದರೆ ಉತ್ತರ ಸ್ಪಷ್ಟ. ಹೊಡೆದಾಟ ಚಿತ್ರದ ಮಾರಾಟದ ಸರಕು, ಟ್ರೇಲರ್ ನಿಲ್ಲುವುದೇ ಅದರ ಮೇಲೆ. ಮುತ್ತು ಹೋದರೆ ಟಿಕೆಟ್ ಕಡಿಮೆಯಾಗುವುದಿಲ್ಲ. ‘ಕೂಲಿ’ ಪ್ರಕರಣದಲ್ಲೂ ಮಂಡಳಿಯ ವಾದ ಹೀಗಿತ್ತು: ದೃಶ್ಯ ಕಡಿತ ಮಾಡಿದರೆ ಯು/ಎ ಸಾಧ್ಯವಿತ್ತು, ನಿರ್ಮಾಪಕರೇ ‘ಎ’ ಒಪ್ಪಿಕೊಂಡು ಬಿಡುಗಡೆ ಮಾಡಿದರು. ಹಿಂಸೆಯನ್ನು ಕಳೆದುಕೊಳ್ಳುವುದಕ್ಕಿಂತ ವರ್ಗವನ್ನೇ ಕಳೆದುಕೊಳ್ಳುವುದು ಮೇಲು ಎಂದು ದೊಡ್ಡ ಸಂಸ್ಥೆಯೊಂದು ತೀರ್ಮಾನಿಸುವಷ್ಟು ಅದರ ಬೆಲೆ ಏರಿದೆ.

‘ನಮ್ಮ ಸಂಸ್ಕೃತಿ’ಯ ವಾದ

ಮುತ್ತು, ಬೆತ್ತಲೆ ಮೈ ನಮ್ಮ ಸಂಸ್ಕೃತಿಯಲ್ಲ ಎಂಬ ಮಾತು ಈ ಚರ್ಚೆಯಲ್ಲಿ ತಪ್ಪದೆ ಬರುತ್ತದೆ. ಕನ್ನಡನಾಡಿನ ನೆಲದಲ್ಲೇ ನಿಂತು ಇದನ್ನು ನೋಡೋಣ. ಶ್ರವಣಬೆಳಗೊಳದಲ್ಲಿ ಸುಮಾರು 58 ಅಡಿಯ ಗೊಮ್ಮಟ ಸಾವಿರ ವರ್ಷಗಳಿಂದ ದಿಗಂಬರನಾಗಿ ನಿಂತಿದ್ದಾನೆ. ಮಕ್ಕಳ ಕೈ ಹಿಡಿದು ಮೆಟ್ಟಿಲು ಹತ್ತುವ ತಾಯಂದಿರು ಅಲ್ಲಿ ಅಶ್ಲೀಲತೆ ಕಾಣುವುದಿಲ್ಲ. ಬೆತ್ತಲೆ ಬೇರೆ, ಕಾಮ ಬೇರೆ, ಅಶ್ಲೀಲ ಬೇರೆ ಎಂಬ ವಿವೇಚನೆ ಈ ನಾಡಿಗೆ ಹೊಸದಲ್ಲ.

ಇನ್ನು ಹಿಂಸೆ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ದೊರೆ ಬಲಿ ಕೊಡುವುದು ಜೀವಂತ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆ ಸಂಕಲ್ಪಹಿಂಸೆಗಾಗಿಯೇ ಅವನೂ ಅವನ ತಾಯಿಯೂ ಜನ್ಮ ಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ನೋಯುತ್ತಾರೆ. ನಿಜವಲ್ಲದ, ತೋರಿಕೆಯ ಹಿಂಸೆಯೂ ಮನಸ್ಸಿಗೆ ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಎಂಟುನೂರು ವರ್ಷ ಹಿಂದೆ ಇಷ್ಟು ಗಂಭೀರವಾಗಿ ಎತ್ತಿದ ಸಂಸ್ಕೃತಿ ನಮ್ಮದು. ಅದೇ ಕಾವ್ಯದಲ್ಲಿ ರಾಣಿ ಅಮೃತಮತಿ ಮಾವುತನಿಗೆ ಒಲಿಯುವ ಪ್ರಸಂಗವೂ ಮುಚ್ಚುಮರೆಯಿಲ್ಲದೆ ಇದೆ. ಸಂಸ್ಕೃತಿಯ ಹೆಸರಿನಲ್ಲಿ ಪ್ರಣಯವನ್ನು ಕತ್ತರಿಸಿ ಹಿಂಸೆಯನ್ನು ಬಿಡುವವರಿಗೆ ಕನ್ನಡದ ಪರಂಪರೆಯಲ್ಲಿ ಆಧಾರ ಸಿಗುವುದು ಕಷ್ಟ.

ಸಿನಿಮಾದಲ್ಲೂ ಅಷ್ಟೇ. 1933ರ ‘ಕರ್ಮ’ದಲ್ಲಿ ದೇವಿಕಾ ರಾಣಿ ಮತ್ತು ಹಿಮಾಂಶು ರಾಯ್ ಅವರ ದೀರ್ಘ ಚುಂಬನವಿತ್ತು. ತೆರೆಯಿಂದ ಮುತ್ತು ಮರೆಯಾಗಿ ಅದರ ಜಾಗಕ್ಕೆ ಹೂವು, ಹಕ್ಕಿ, ಮರ ಬಂದದ್ದು ಆಮೇಲೆ. ಈ ರೂಢಿಯನ್ನು ಪರಿಶೀಲಿಸಿದ ನ್ಯಾಯಮೂರ್ತಿ ಜಿ.ಡಿ. ಖೋಸ್ಲಾ ಸಮಿತಿ 1969ರಲ್ಲೇ ಕತೆಗೆ ಸಹಜವಾಗಿದ್ದರೆ ಚುಂಬನ, ನಗ್ನತೆಗೆ ಅವಕಾಶವಿರಲಿ ಎಂದಿತು. ಮರು ವರ್ಷ ಚಿತ್ರನಿರ್ದೇಶಕ ಕೆ.ಎ. ಅಬ್ಬಾಸ್ ಸೆನ್ಸಾರಿನ ವಿರುದ್ಧ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪೂರ್ವ ಸೆನ್ಸಾರನ್ನು ಎತ್ತಿಹಿಡಿಯಿತು. ಅದರ ಜೊತೆಗೆ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಕಾಮ ಮತ್ತು ಅಶ್ಲೀಲತೆ ಯಾವಾಗಲೂ ಒಂದೇ ಅಲ್ಲ ಎಂದೂ ಬರೆದರು. 1996ರಲ್ಲಿ ‘ಬ್ಯಾಂಡಿಟ್ ಕ್ವೀನ್’ ತೀರ್ಪು ಇನ್ನೂ ಮುಂದೆ ಹೋಯಿತು: ಅತ್ಯಾಚಾರಕ್ಕೊಳಗಾದ ಹೆಣ್ಣನ್ನು ಬೆತ್ತಲೆ ನಡೆಸುವ ದೃಶ್ಯ ಕೆರಳಿಸುವುದು ಕಾಮವನ್ನಲ್ಲ, ಆಕೆಯ ಮೇಲಿನ ಕನಿಕರವನ್ನು, ಅಪರಾಧಿಗಳ ಮೇಲಿನ ಅಸಹ್ಯವನ್ನು. 2014ರ ಅವೀಕ್ ಸರ್ಕಾರ್ ತೀರ್ಪಿನಲ್ಲಿ ನಗ್ನ ಚಿತ್ರವೆಂಬ ಒಂದೇ ಕಾರಣಕ್ಕೆ ಅದು ಅಶ್ಲೀಲವಾಗದು, ಇಂದಿನ ಸಮಾಜದ ಮಾನದಂಡದಿಂದ ನೋಡಬೇಕು ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ನ್ಯಾಯಾಲಯಗಳು ಐವತ್ತು ವರ್ಷಗಳಿಂದ ಸಂದರ್ಭವನ್ನು ನೋಡಿ ಎನ್ನುತ್ತಿವೆ. ಪರಿಶೀಲನಾ ಕೋಣೆಗೆ ಆ ಮಾತು ಇಳಿದಿಲ್ಲ.

ಬೇರೆಡೆ ಹೇಗಿದೆ

ಈ ಕಾಯಿಲೆ ನಮ್ಮೊಬ್ಬರದೇ ಅಲ್ಲ. ಅಮೆರಿಕದ್ದು ಇನ್ನೂ ಹಳೆಯದು. ಅಲ್ಲಿ 1984ರಲ್ಲಿ, 13ರ ಒಳಗಿನವರ ಬಗ್ಗೆ ಪೋಷಕರು ಎಚ್ಚರ ವಹಿಸಬೇಕು ಎನ್ನುವ ಪಿಜಿ-13 ವರ್ಗ ಬಂತು. ಆ ವರ್ಗದ ಚಿತ್ರಗಳಲ್ಲಿ ಬಂದೂಕಿನ ಹಿಂಸೆ 1985ರಿಂದ ಮೂರು ಪಟ್ಟಿಗೂ ಹೆಚ್ಚಾಗಿದೆ ಎಂದು 2013ರಲ್ಲಿ ಅಲ್ಲಿನ ಮಕ್ಕಳ ವೈದ್ಯಕೀಯ ನಿಯತಕಾಲಿಕದಲ್ಲಿ ಬಂದ ಅಧ್ಯಯನ ಹೇಳಿತು. ಲೈಂಗಿಕ ಸಂದರ್ಭದ ನಗ್ನತೆಯಿದ್ದರೆ ಮಾತ್ರ ಚಿತ್ರ ಸಾಮಾನ್ಯವಾಗಿ ಮೇಲಿನ ‘ಆರ್’ ವರ್ಗಕ್ಕೆ ಹೋಗುತ್ತದೆ. 2005ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ: ಸ್ಯಾನ್ ಆಂಡ್ರಿಯಾಸ್’ ವಿಡಿಯೊ ಗೇಮ್ ಈ ಧೋರಣೆಯನ್ನು ಬಯಲಿಗಿಟ್ಟಿತು. ದಾರಿಹೋಕರನ್ನು ಕೊಲ್ಲಬಹುದಾದ ಆ ಆಟ 17 ದಾಟಿದವರ ವರ್ಗದಲ್ಲಿ ಆರಾಮವಾಗಿ ಮಾರಾಟವಾಗುತ್ತಿತ್ತು. ಅದರ ಕಂಪ್ಯೂಟರ್ ಕೋಡ್‌ನೊಳಗೆ ಒಂದು ಪ್ರಣಯದ ಆಟ ಅಡಗಿದೆ ಎಂದು ಗೊತ್ತಾದ ಮೇಲೆ ಅದು ವಯಸ್ಕರಿಗೆ ಮಾತ್ರ ಎಂಬ ವರ್ಗಕ್ಕೆ ಏರಿತು, ದೊಡ್ಡ ಅಂಗಡಿಗಳು ಅದನ್ನು ಕಪಾಟಿನಿಂದ ಇಳಿಸಿದವು. 2011ರಲ್ಲಿ ಹಿಂಸಾತ್ಮಕ ಗೇಮ್‌ಗಳನ್ನು ಮಕ್ಕಳಿಗೆ ಮಾರಬಾರದೆಂಬ ಕ್ಯಾಲಿಫೋರ್ನಿಯಾ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟ್ 7–2ರಿಂದ ರದ್ದು ಮಾಡಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಬ್ರೆಯರ್ ಎತ್ತಿದ ಪ್ರಶ್ನೆ ಇದೇ: 13ರ ಹುಡುಗನಿಗೆ ನಗ್ನ ಚಿತ್ರ ಮಾರುವುದು ಅಪರಾಧ, ಹೆಣ್ಣನ್ನು ಕಟ್ಟಿಹಾಕಿ ಹಿಂಸಿಸಿ ಕೊಲ್ಲುವ ಆಟ ಮಾರುವುದು ಹಕ್ಕು ಎಂದರೆ ಏನರ್ಥ?

ಯುರೋಪಿನ ಹಲವೆಡೆ ತಕ್ಕಡಿ ಇನ್ನೊಂದು ಕಡೆ ವಾಲುತ್ತದೆ. ಜರ್ಮನಿಯ ದಂಡಸಂಹಿತೆಯ 131ನೇ ಕಲಂ ಕ್ರೂರ ಹಿಂಸೆಯನ್ನು ವೈಭವೀಕರಿಸುವ ಚಿತ್ರಣವನ್ನೇ ಅಪರಾಧವೆನ್ನುತ್ತದೆ. ಕಾಮವಿಲ್ಲದ ನಗ್ನತೆ ಅಲ್ಲಿ ದೊಡ್ಡ ವಿಷಯವೇ ಅಲ್ಲ. 1911ರಲ್ಲೇ ಸೆನ್ಸಾರ್ ತಂದ ಸ್ವೀಡನ್, ಕೊನೆಯ ದಶಕಗಳಲ್ಲಿ ಕತ್ತರಿ ಹಾಕಿದ್ದು ಹೆಚ್ಚಾಗಿ ಹಿಂಸೆಗೆ. 2011ರಲ್ಲಿ ವಯಸ್ಕರ ಸೆನ್ಸಾರನ್ನೇ ಕೈಬಿಟ್ಟು ಮಕ್ಕಳ ವಯೋಮಿತಿಯನ್ನು ಮಾತ್ರ ಉಳಿಸಿಕೊಂಡಿತು. ಬ್ರಿಟನ್ನಿನ ಮಂಡಳಿ 2024ರಲ್ಲಿ ಸುಮಾರು 12,000 ಜನರ ಅಭಿಪ್ರಾಯ ಕೇಳಿ ಮಾನದಂಡ ಬದಲಿಸಿತು. ಹದಿಹರೆಯದವರ ಚಿತ್ರಗಳ ಲೈಂಗಿಕ ದೃಶ್ಯಗಳ ಬಗ್ಗೆ ಅದು ಬಿಗಿಯಾಯಿತು. ಆ ಬಿಗಿ ಬಂದದ್ದು ಮುಖ್ಯವಾಗಿ ವಯಸ್ಸಿನ ಅಂಕಿ ಏರಿಸುವುದರಲ್ಲಿ. ಪೋಷಕರು ಕೇಳಿದ್ದೂ ಅದನ್ನೇ.

ನೋಡಿದರೆ ಏನಾಗುತ್ತದೆ

ಸಂಶೋಧನೆ ಯಾರ ಕೈಗೂ ಪೂರ್ತಿ ಗೆಲುವು ಕೊಡುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರ ಸಂಘ 2020ರಲ್ಲಿ ಹೇಳಿದ್ದು ಇಷ್ಟು: ಹಿಂಸಾತ್ಮಕ ವಿಡಿಯೊ ಗೇಮ್‌ಗೂ ಕೂಗಾಟ, ತಳ್ಳಾಟದಂಥ ಆಕ್ರಮಣಕಾರಿ ವರ್ತನೆಗೂ ಸಣ್ಣ, ಆದರೆ ಖಚಿತ ಸಂಬಂಧವಿದೆ, ಗುಂಡಿನ ದಾಳಿಯಂಥ ನಿಜ ಹಿಂಸೆಗೆ ಅದನ್ನೇ ಕಾರಣವೆನ್ನುವುದಕ್ಕೆ ಆಧಾರವಿಲ್ಲ. ಲೈಂಗಿಕ ದೃಶ್ಯಗಳ ಬಗ್ಗೆಯೂ ಫಲಿತಾಂಶಗಳು ಚದುರಿವೆ. ಅಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸುವುದು ಇನ್ನೂ ಕಷ್ಟ. ಸಾಮಾನ್ಯ ಮುತ್ತೊಂದನ್ನು ನೋಡಿ 13ರ ಮಗು ಕೆಟ್ಟಿತು ಎಂದು ತೋರಿಸುವ ಪುರಾವೆಯಂತೂ ಇಲ್ಲ.

2014ರ ಒಂದು ಅಧ್ಯಯನ ಇಲ್ಲಿ ಬಹಳ ಉಪಯುಕ್ತ. ಸುಮಾರು 1,000 ಅಮೆರಿಕನ್ ಪೋಷಕರಿಗೆ ಹಿಂಸೆಯ, ಪ್ರಣಯದ ತುಣುಕುಗಳನ್ನು ಒಂದರ ಹಿಂದೊಂದು ತೋರಿಸಲಾಯಿತು. ಮೊದಲ ತುಣುಕಿಗೆ ದೊಡ್ಡ ವಯಸ್ಸು ಹೇಳಿದವರು ಕೊನೆಯ ಹೊತ್ತಿಗೆ ಹೆಚ್ಚು ಚಿಕ್ಕವರಿಗೂ ಪರವಾಗಿಲ್ಲ ಎಂದರು. ಎರಡೂ ವಿಷಯದಲ್ಲಿ ಹೀಗೇ ಆಯಿತು. ನೋಡಿ ನೋಡಿ ಮನಸ್ಸು ಒಗ್ಗಿಕೊಳ್ಳುತ್ತದೆ. ಇದನ್ನು ನಮ್ಮ ಪರಿಶೀಲಕರಿಗೆ ಅನ್ವಯಿಸಿದರೆ ಒಂದು ಸುತ್ತು ಕಾಣುತ್ತದೆ. ಅವರು ನೋಡುವ ಚಿತ್ರಗಳಲ್ಲಿ ಹೊಡೆದಾಟ ಧಾರಾಳ, ಆದ್ದರಿಂದ ಅದು ಕಣ್ಣಿಗೆ ರೂಢಿ. ಮುತ್ತು ಕತ್ತರಿಯ ಭಯಕ್ಕೆ ಚಿತ್ರೀಕರಣವಾಗುವುದೇ ಅಪರೂಪ, ಆದ್ದರಿಂದ ಕಂಡಾಗಲೆಲ್ಲ ಕಣ್ಣಿಗೆ ಚುಚ್ಚುತ್ತದೆ. ಕತ್ತರಿಯೇ ಆ ಅಪರೂಪವನ್ನು ಸೃಷ್ಟಿಸಿ, ಅದೇ ಅಪರೂಪದ ನೆಪದಲ್ಲಿ ಮತ್ತೆ ಕತ್ತರಿಸುತ್ತದೆ.

ಕತ್ತರಿಯ ಪರವಾದ ಗಟ್ಟಿ ವಾದಗಳು

ಮಂಡಳಿಯ ಪರ ನಿಲ್ಲುವವರ ಮಾತಿನಲ್ಲಿ ಎರಡು ಅಂಶಗಳನ್ನು ತಳ್ಳಿಹಾಕಲು ಬರುವುದಿಲ್ಲ. ಒಂದು, ತೆರೆಯ ಮೇಲಿನ ಕೊಲೆ ಸುಳ್ಳು, ಯಾರೂ ಸಾಯುವುದಿಲ್ಲ. ಮುತ್ತು, ಬೆತ್ತಲೆ ಮೈ ನಿಜ. ನಟಿಯ ದೇಹ ನಿಜವಾಗಿಯೇ ಕ್ಯಾಮೆರಾದ ಮುಂದೆ ಇರುತ್ತದೆ. ಆ ತುಣುಕು ಕತೆಯಿಂದ ಬೇರ್ಪಟ್ಟು ಮೊಬೈಲುಗಳಲ್ಲಿ ಹರಿದಾಡಿ ಅವಳನ್ನು ವರ್ಷಗಟ್ಟಲೆ ಕಾಡಬಹುದು. ಇದು ಗಂಭೀರ ಕಳವಳ. ಆದರೆ ಇದಕ್ಕೆ ಮದ್ದು ಇರುವುದು ಚಿತ್ರೀಕರಣದ ಸ್ಥಳದಲ್ಲಿ: ಏನು ತೋರಿಸಬಹುದು, ಏನು ಕೂಡದು ಎಂಬ ಲಿಖಿತ ಒಪ್ಪಂದ, ಅಂಥ ದೃಶ್ಯಗಳ ಸಂಯೋಜನೆಗೆ ತರಬೇತಾದವರು, ಸ್ಥಳದಲ್ಲಿ ಬೇಕಾದಷ್ಟೇ ಜನ.

ಎರಡನೆಯದು, ನಾವು ಸಿನಿಮಾ ನೋಡುವುದು ಕುಟುಂಬವಾಗಿ. ಮನೆಯವರ ಜೊತೆ ನೆಮ್ಮದಿಯಾಗಿ ಕೂತು ನೋಡುವ ಚಿತ್ರ ಬೇಕೆಂದು ಬಯಸುವುದು ಹಿಂದುಳಿದ ಮನಸ್ಸಿನ ಲಕ್ಷಣವೇನಲ್ಲ. ಆ ಬಯಕೆಗೆ ಬೆಲೆ ಕೊಡಬೇಕು, ಮೊದಲೇ ಮಾಹಿತಿ ಕೊಡುವ ಮೂಲಕ. ಕುಟುಂಬಕ್ಕೆ ಆಯ್ಕೆ ಸಿಕ್ಕರೆ ಕತ್ತರಿಯ ಅಗತ್ಯ ಬಹುಪಾಲು ಇಲ್ಲವಾಗುತ್ತದೆ. ಮಕ್ಕಳನ್ನು ಲೈಂಗಿಕವಾಗಿ ತೋರಿಸುವ ಚಿತ್ರಣದ ಪ್ರಶ್ನೆ ಈ ಚರ್ಚೆಯ ಹೊರಗಿನದು. ಅದು ಪೋಕ್ಸೊ ಕಾಯ್ದೆಯಡಿ ಅಪರಾಧ, ಅಪರಾಧವಾಗಿಯೇ ಇರಬೇಕು.

ಜಾಲರಿಯಲ್ಲಿ ಸೋರಿಹೋಗುವುದು

ಮುಜುಗರವನ್ನು ಅಳತೆಗೋಲಾಗಿಸಿದ್ದರ ದೊಡ್ಡ ನಷ್ಟ ಮುತ್ತಿನದಲ್ಲ. ಮುಜುಗರವಾಗದೆ ಹಾನಿ ಮಾಡುವ ದೃಶ್ಯಗಳು ಸಲೀಸಾಗಿ ಪಾರಾಗುತ್ತವೆ. ಬೇಡವೆಂದ ಹುಡುಗಿಯ ಬೆನ್ನು ಹತ್ತಿ, ದಾರಿ ಅಡ್ಡಗಟ್ಟಿ, ಕೊನೆಗೆ ಒಲಿಸಿಕೊಳ್ಳುವ ನಾಯಕ ಕನ್ನಡ ಸೇರಿ ಎಲ್ಲ ಭಾಷೆಯ ಸಿನಿಮಾಗಳಲ್ಲಿ ಹಾಡು ಹಾಡುತ್ತ ಬಂದಿದ್ದಾನೆ. ಬೆನ್ನು ಹತ್ತುವುದು 2013ರಿಂದ ಅಪರಾಧ, ಈಗ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಅದರಲ್ಲಿ ಬೆತ್ತಲೆಯಿಲ್ಲ, ಮುತ್ತಿಲ್ಲ, ಆದ್ದರಿಂದ ಕುಟುಂಬದ ಸಾಲಿನಲ್ಲಿ ಯಾರೂ ಮಿಸುಕುವುದಿಲ್ಲ. ಹದಿಮೂರರ ಹುಡುಗ ಆ ಚಿತ್ರದಿಂದ ಕಲಿಯುವುದು ‘ಬೇಡ’ ಎಂದರೆ ‘ಇನ್ನೂ ಪ್ರಯತ್ನಿಸು’ ಎಂಬ ಅರ್ಥವನ್ನು. ಇಬ್ಬರೂ ಒಪ್ಪಿದ ಮುತ್ತು ಕತ್ತರಿಗೆ ಹೋಗಿ, ಒಪ್ಪಿಗೆಯಿಲ್ಲದ ಬೆನ್ನಟ್ಟುವಿಕೆ ಉಳಿದಾಗ ಒಪ್ಪಿಗೆ ಎಂಬ ಪರಿಕಲ್ಪನೆಯೇ ತೆರೆಯಿಂದ ಅಳಿಸಿಹೋಗುತ್ತದೆ.

ಪೋಷಕರಿಗೂ ಈ ಪದ್ಧತಿ ನೆರವಾಗುವುದಿಲ್ಲ. 2023ರ ತಿದ್ದುಪಡಿಯಿಂದ ಯು/ಎ ಮೂರು ಭಾಗವಾಗಿದೆ: 7+, 13+, 16+. ಇವು ಪೋಷಕರಿಗೆ ಸಲಹೆ ಮಾತ್ರ, ಚಿತ್ರಮಂದಿರದವರು ಮಗುವನ್ನು ತಡೆಯಬೇಕಿಲ್ಲ. ಸಲಹೆ ಎಂದ ಮೇಲೆ ಕಾರಣ ಬೇಕಲ್ಲ? ಜಾಹೀರಾತಿನ ಮೂಲೆಯಲ್ಲಿ ಕಾಣುವ ಗುರುತಿನಲ್ಲಿ ವಯಸ್ಸಿದೆ, ಕಾರಣವಿಲ್ಲ. ಒಟಿಟಿಗಳಿಗೆ 2021ರ ನಿಯಮಗಳು ವಯಸ್ಸಿನ ಜೊತೆ ಹಿಂಸೆ, ಭಾಷೆ, ಲೈಂಗಿಕತೆ ಮುಂತಾದ ವಿವರವನ್ನೂ ತೋರಿಸಬೇಕೆನ್ನುತ್ತವೆ. ಮಗಳನ್ನು ಚಿತ್ರಮಂದಿರಕ್ಕೆ ಕರೆದೊಯ್ಯುವವರಿಗೆ ಮೊಬೈಲಿನಲ್ಲಿ ಸಿಗುವಷ್ಟು ಮಾಹಿತಿಯೂ ಸಿಗುತ್ತಿಲ್ಲ.

ಈಗಿರುವ ಸ್ಥಿತಿಯಲ್ಲಿ ಪೋಷಕರು ಪ್ರಮಾಣಪತ್ರದ ಅಂಕಿಯನ್ನೊಂದೇ ನಂಬಬಾರದು. ಚಿತ್ರ ಬೇರೆ ದೇಶಗಳಲ್ಲೂ ಬಿಡುಗಡೆಯಾಗಿದ್ದರೆ ಅಲ್ಲಿನ ವರ್ಗೀಕರಣದಲ್ಲಿ ಕೊಟ್ಟ ಕಾರಣವನ್ನು ಒಮ್ಮೆ ನೋಡುವುದು ಒಳ್ಳೆಯದು. ಹಿಂಸೆಯ ವಿಷಯದಲ್ಲಿ ನೆತ್ತರಿನ ಪ್ರಮಾಣಕ್ಕಿಂತ ಮುಖ್ಯ ಪ್ರಶ್ನೆಗಳು ಬೇರೆ: ಹೊಡೆತ ತಿಂದವನ ನೋವು ಕಾಣುತ್ತದೆಯೇ, ಹೊಡೆದವನಿಗೆ ಏನಾದರೂ ಪರಿಣಾಮವಿದೆಯೇ, ಮಗು ಮನೆಯಲ್ಲಿರುವ ಚಾಕು, ಹಗ್ಗ, ಬೆಂಕಿಯಿಂದ ಅನುಕರಿಸಬಹುದಾದ್ದೇ? ಪ್ರಣಯದಲ್ಲಿ ಕೇಳಬೇಕಾದ್ದು ಇಬ್ಬರಿಗೂ ಒಪ್ಪಿಗೆಯಿದೆಯೇ, ಯಾರನ್ನಾದರೂ ಕೀಳಾಗಿ ತೋರಿಸಲಾಗಿದೆಯೇ ಎಂಬುದನ್ನು. ಎಂಟರ ಮಗುವಿಗೆ ಇವೆರಡರಲ್ಲಿ ಯಾವುದೂ ಬೇಡವೆನಿಸಿದರೆ ಬೇಡ. ಹದಿನಾಲ್ಕರ ಮಗುವಿನ ಜೊತೆ ಚಿತ್ರ ಮುಗಿದ ಮೇಲೆ ಮಾತಾಡಿದರೆ ಕತ್ತರಿಗಿಂತ ಹೆಚ್ಚು ಪ್ರಯೋಜನ.

ಬದಲಾವಣೆಗೆ ಎಷ್ಟು ಬೇಕು

ಪ್ರಮಾಣೀಕರಣದ ಸುಧಾರಣೆಗೆ ಸರ್ಕಾರವೇ ನೇಮಿಸಿದ, ನಿರ್ದೇಶಕ ಶ್ಯಾಮ್ ಬೆನಗಲ್ ಅವರ ಸಮಿತಿ 2016ರಲ್ಲಿ ಮಂಡಳಿಯ ಕೆಲಸ ವರ್ಗೀಕರಣವಾಗಬೇಕು, ಕತ್ತರಿಸುವುದಲ್ಲ ಎಂದಿತು. ಯು/ಎ ಅನ್ನು ವಯಸ್ಸಿನಂತೆ ಒಡೆಯಿರಿ, ವಯಸ್ಕರಲ್ಲೂ ಎಚ್ಚರಿಕೆಯೊಂದಿಗೆ ನೀಡುವ ಪ್ರತ್ಯೇಕ ವರ್ಗ ಮಾಡಿ ಎಂದೂ ಸೂಚಿಸಿತು. 2023ರ ತಿದ್ದುಪಡಿ ಇದರಲ್ಲಿ ವಯಸ್ಸಿನ ವಿಭಾಗವನ್ನಷ್ಟೇ ತೆಗೆದುಕೊಂಡು ಕತ್ತರಿಯನ್ನು ಹಾಗೇ ಉಳಿಸಿಕೊಂಡಿತು. ವಯಸ್ಸಿನ ಮೆಟ್ಟಿಲುಗಳಿದ್ದೂ 13+ ಚಿತ್ರವೊಂದರ ಮುತ್ತು ಕತ್ತರಿಗೆ ಸಿಕ್ಕಿದ್ದು ಈ ಅರ್ಧ ಸುಧಾರಣೆಯ ಫಲ. ಮಂಡಳಿಗೆ ಅದು ಒಪ್ಪಿಗೆಯಾಗದಿದ್ದರೆ 16+ ಕೊಡುವ ದಾರಿ ಕಾಯ್ದೆಯಲ್ಲೇ ಇತ್ತು.

ಮುಂದಿನ ಹೆಜ್ಜೆಗೆ ಸಂಸತ್ತಿನ ಅನುಮತಿಯೂ ಬೇಕಿಲ್ಲ. 1991ರ ಮಾರ್ಗಸೂಚಿ ಬಂದದ್ದು 5ಬಿ(2)ರ ಅಡಿಯ ಒಂದು ಅಧಿಸೂಚನೆಯಿಂದ; ಅದನ್ನು ತಿದ್ದಲು ಇನ್ನೊಂದು ಅಧಿಸೂಚನೆ ಸಾಕು. ಅದರಲ್ಲಿ ವಯಸ್ಕರ ಒಪ್ಪಿತ ಪ್ರಣಯ, ಕಾಮವಿಲ್ಲದ ನಗ್ನತೆ, ಲೈಂಗಿಕ ಹಿಂಸೆ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು. ಹಿಂಸೆಗೆ ‘ಅರ್ಥವಿಲ್ಲದ’ ಎಂಬ ಪದದ ಬದಲು ನೋವು, ಪರಿಣಾಮ, ಅನುಕರಣೆಯ ಅಪಾಯ ಎಂಬ ಮಾನದಂಡಗಳು ಬರಬೇಕು. ನಿರ್ಮಾಪಕರೇ ಕಡಿಮೆ ವಯಸ್ಸಿನ ವರ್ಗ ಬೇಕೆಂದಾಗ ಮಾತ್ರ ಕಡಿತದ ಪಟ್ಟಿ ಕೊಡಬೇಕು. ಪ್ರಮಾಣಪತ್ರದಲ್ಲಿ ವಯಸ್ಸಿನ ಪಕ್ಕದಲ್ಲೇ ಎರಡು ಸಾಲು ಕಾರಣ ಅಚ್ಚಾಗಬೇಕು, ಚಿತ್ರದ ಭಾಷೆಯಲ್ಲಿ. ಕನ್ನಡ ಚಿತ್ರವಾದರೆ ಕನ್ನಡದಲ್ಲಿ.